ಎರಡನೇ ಡಿಕಾಕ್ಷನ್ ಯಾರಿಗೆ?

"ಕಾಫಿಗೂ ಅಳತೆ ಬೇಕೇನ್ರೀ? ಅದೆಲ್ಲ ಕೈಗುಣ!" ಮನೆಗೆ ಬಂದವರೊಬ್ಬರು ಹೀಗೆಂದಾಗ ನಾನು ಅಡುಗೆಮನೆಯಲ್ಲಿ ಚಮಚ ಎಣಿಸುತ್ತಿದ್ದೆ. ಅವರು ಹೊಗಳಿದ್ದೇ ಇರಬೇಕು. ಆದರೆ ಈ 'ಕೈಗುಣ'ದ ಮೇಲೆ ನನಗೆ ಬಹಳ ದಿನದ ಸಿಟ್ಟಿದೆ. ಕಾಫಿ ಚೆನ್ನಾಗಿದ್ದರೆ "ಯಾವ ಅಂಗಡಿ ಪುಡಿ?" ಎಂದು ಕೇಳುತ್ತಾರೆ. ಕೆಟ್ಟರೆ ಮಾತ್ರ ಅದು ನಮ್ಮ ಕೈ!

ನನ್ನ ಅಮ್ಮನದೂ ಕೈ ಅಳತೆಯೇ. ಹಿತ್ತಾಳೆ ಫಿಲ್ಟರಿಗೆ ಪುಡಿ ಸುರಿದು, ಬಿಲ್ಲೆ ಒತ್ತಿ, ಕುದಿನೀರು ಹಾಕುತ್ತಿದ್ದಳು. ಮೊದಲು ಇಳಿದದ್ದು ಅಜ್ಜನಿಗೆ, ಅಪ್ಪನಿಗೆ, ಬಂದವರಿಗೆ. ಅದೇ ಚರಟದ ಮೇಲೆ ಮತ್ತೆ ನೀರು ಸುರಿದರೆ ಇಳಿಯುವುದು ಅವಳಿಗೆ. "ನನಗೆ ಲೈಟ್ ಕಾಫಿಯೇ ಇಷ್ಟ" ಎನ್ನುತ್ತಿದ್ದಳು. ನಾನು ನಂಬಿದ್ದೆ. ಮದುವೆಯಾದ ಮೇಲೆ ಹದಿನೆಂಟು ವರ್ಷ ನಾನೂ ಅದನ್ನೇ ಕುಡಿದೆ, ಅದೇ ಮಾತು ಹೇಳಿದೆ.

ಒಮ್ಮೆ ಅಮ್ಮ ನಮ್ಮಲ್ಲಿಗೆ ಬಂದಾಗ ಮೊದಲ ಡಿಕಾಕ್ಷನ್ನಿನ ಕಾಫಿ ಕೊಟ್ಟೆ. ಒಂದು ಗುಟುಕು ಕುಡಿದವಳು ಲೋಟದೊಳಗೆ ನೋಡಿ, "ಇದು ಯಾರ ಲೋಟವೇ?" ಎಂದಳು. "ನಿಂದೇ ಅಮ್ಮ" ಎಂದೆ. ಮಾತಾಡದೆ ಪೂರ್ತಿ ಕುಡಿದಳು, ತಳದ ನೊರೆಯನ್ನೂ ಬಿಡದೆ. ಅಂದು ನನಗೆ ತಿಳಿಯಿತು, ಲೈಟ್ ಕಾಫಿ ನಮ್ಮಿಬ್ಬರಿಗೂ ಎಂದೂ ಇಷ್ಟವಿರಲಿಲ್ಲ.

ಆಮೇಲೆ ಲೆಕ್ಕಕ್ಕೆ ಕುಳಿತೆ. 30 ಗ್ರಾಂ ಪುಡಿಗೆ 150 ಮಿಲಿ ನೀರು ಹಾಕಿದರೆ, ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ತಾನೇ ಇಟ್ಟುಕೊಳ್ಳುತ್ತದೆ. ಕೆಳಗಿಳಿಯುವುದು 90 ಮಿಲಿ. ಲೋಟಕ್ಕೆ 30 ಮಿಲಿಯಂತೆ, ಮೂರರಷ್ಟು ಹಾಲು ಸೇರಿಸಿದರೆ ಮೂವರಿಗೆ ಸರಿ. ನಾಲ್ವರಿಗೆ 40 ಗ್ರಾಂ ಪುಡಿ, 200 ಮಿಲಿ ನೀರು. ನೋಡಿದಿರಾ? ಮನೆಯ ಹೆಂಗಸನ್ನು ಎರಡನೇ ಡಿಕಾಕ್ಷನ್ನಿಗೆ ಇಳಿಸಿದ್ದು ಬರೀ 10 ಗ್ರಾಂ ಪುಡಿ!

"ಚರಟದಲ್ಲಿ ಇನ್ನೂ ಸತ್ವ ಇರುತ್ತಲ್ಲ" ಎನ್ನಬೇಡಿ. 1950ರ ದಶಕದಲ್ಲಿ ಅಮೆರಿಕದ ಲಾಕ್‌ಹಾರ್ಟ್ ಎಂಬ ವಿಜ್ಞಾನಿ ಇದನ್ನೆಲ್ಲ ಅಳೆದು ನಕ್ಷೆಯನ್ನೇ ಬರೆದಿಟ್ಟಿದ್ದಾರೆ. ಅವರ ಹಾಲಿಲ್ಲದ ಕಾಫಿಯ ಲೆಕ್ಕದಲ್ಲಿ, ಪುಡಿಯ ತೂಕದ ನೂರಕ್ಕೆ 18ರಿಂದ 22 ಭಾಗ ನೀರಿಗಿಳಿದರೆ ರುಚಿ. ಅದಕ್ಕೂ ಮೀರಿ ಹಿಂಡಿದರೆ ಬರುವುದು ಕಹಿ, ಒಗರು. ಅವರು ಅಳೆದರೆ ವಿಜ್ಞಾನ, ನಾನು ಅಳೆದರೆ ಜಿಪುಣತನ, ಇದು ಯಾವ ನ್ಯಾಯ?

ಬಣ್ಣ ನೋಡಿ ಹದ ಹೇಳುತ್ತೇನೆ ಎನ್ನುವವರೂ ಇದ್ದಾರೆ. ಬಣ್ಣ ಕೊಡುವುದರಲ್ಲಿ ಚಿಕೋರಿ ಕಾಫಿಗಿಂತ ಒಂದು ಕೈ ಮೇಲು. ನಮ್ಮ ಕಾನೂನಿನಂತೆ ಮಿಶ್ರಣದ ಪುಡಿಯಲ್ಲಿ ನೂರಕ್ಕೆ 49 ಭಾಗದವರೆಗೂ ಚಿಕೋರಿ ಇರಬಹುದು. ಕಣ್ಣನ್ನು ನಂಬಬೇಡಿ, ಪೊಟ್ಟಣದ ಮೇಲಿನ ಅಕ್ಷರ ಓದಿ.

ತಕ್ಕಡಿ ಇಲ್ಲವೇ? ಕಾಲು ಕಿಲೋ ಹೊಸ ಪೊಟ್ಟಣ ಡಬ್ಬಿಗೆ ಸುರಿಯುವಾಗ ಒಮ್ಮೆ ಚಮಚ ಎಣಿಸಿ. 250 ಗ್ರಾಮನ್ನು ಅಷ್ಟರಿಂದ ಭಾಗಿಸಿದರೆ ನಿಮ್ಮ ಚಮಚದ ತೂಕ ಸಿಕ್ಕಿತು. ಆಮೇಲೆ ಅದೇ ಚಮಚ, ಅದೇ ಲೋಟ. ಗಂಡನೂ ಮಾಡಬಹುದು, ಮಗನೂ ಮಾಡಬಹುದು. ಕೈಗುಣವನ್ನು ಯಾರಿಗೂ ಕಲಿಸಲಾಗದು, ಅಳತೆಯನ್ನು ಕಲಿಸಬಹುದು. ನಮ್ಮ ಮನೆಯವರು 'ಕೈಗುಣ'ವನ್ನು ಅಷ್ಟೊಂದು ಹೊಗಳುತ್ತಿದ್ದ ಗುಟ್ಟು ನನಗೆ ಆಗ ಹೊಳೆಯಿತು.

ಅನಿರೀಕ್ಷಿತವಾಗಿ ನೆಂಟರು ಬಂದರೆ? ಚರಟ ಚೆಲ್ಲಿ ಹೊಸದಾಗಿ ಪುಡಿ ಹಾಕಿ. ಹದಿನೈದು ನಿಮಿಷ ಕಾಯಲಿ, ನಿಮ್ಮ ಜೊತೆ ಮಾತಾಡಲಿ. ಚರಟ ಗುಲಾಬಿ ಗಿಡದ ಬುಡಕ್ಕೆ ಹೋಗಲಿ. ಎರಡನೇ ಸಲ ನೀರು ಸುರಿಯಲೇಬೇಕು ಎನಿಸಿದರೆ ಅಲ್ಲಿ ಸುರಿಯಿರಿ.