ಸಕಾರದ ಮುಳ್ಳು

ಚೈತ್ರಮಾಸ ಬಂತೆಂದರೆ ಚಾಮರಾಜಪೇಟೆಗೆ ಎರಡು ಬಗೆಯ ತಂಪು. ಒಂದು ಪಾನಕ ಕೋಸಂಬರಿಗಳದು, ಇನ್ನೊಂದು ಸಂಗೀತದ್ದು. 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವವು ಕೋಟೆ ಹೈಸ್ಕೂಲಿನ ಮೈದಾನದಲ್ಲಿ ದಶಕಗಟ್ಟಲೆ ಎಷ್ಟು ಕಿವಿಗಳನ್ನು ತಣಿಸಿದೆಯೋ ಲೆಕ್ಕವಿಟ್ಟವರಿಲ್ಲ. ದೊಡ್ಡ ಉತ್ಸವವನ್ನು ಕಂಡು ಚಿಕ್ಕವುಗಳಿಗೂ ಹುರುಪು ಬರುವುದು ಸಹಜ. ಬಸವನಗುಡಿ, ಮಲ್ಲೇಶ್ವರಗಳ ಬೀದಿಗಳಲ್ಲಿಯೂ ಆ ದಿನಗಳಲ್ಲಿ ಸಣ್ಣಪುಟ್ಟ ಚಪ್ಪರಗಳೇಳುತ್ತವೆ.

ಅಂಥ ಒಂದು ಚಿಕ್ಕ ಚಪ್ಪರವನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಗಾಯಕಿ ಕಣ್ಣು ಮುಚ್ಚಿ ಆಲಾಪನೆಯನ್ನು ಮೇಲಿನ ಷಡ್ಜದ ಕಡೆಗೆ ಏರಿಸುತ್ತಿದ್ದಾರೆ. ಅಷ್ಟರಲ್ಲಿ ಧ್ವನಿವರ್ಧಕದಿಂದ 'ಕುಂಯ್' ಎಂಬ ಕೂಗು ಎದ್ದು ಸಭೆಯನ್ನೆಲ್ಲ ಇರಿಯುತ್ತದೆ. ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ತಾಯಿಯ ತೊಡೆಯ ಮೇಲೆ ಮಲಗಿದ್ದ ಮಗು ಎದ್ದು ಅಳುತ್ತದೆ. ಮೈಕಿನವನು ಓಡಿಬಂದು ಯಾವುದೋ ಗುಂಡಿಯನ್ನು ತಿರುಗಿಸುತ್ತಾನೆ. ಕೂಗು ನಿಲ್ಲುತ್ತದೆ, ಅದರೊಡನೆ ಗಾಯಕಿಯ ಕಂಠದ ಕಳೆಯೂ ಆರಿಹೋಗುತ್ತದೆ. ಅಲ್ಲಿಂದ ಮುಂದೆ ಆಕೆ ಹಾಡಿದುದೆಲ್ಲವೂ ಪಕ್ಕದ ಕೋಣೆಯಿಂದ ಕೇಳಿಬಂದಂತೆ ಮಂಕಾಗಿರುತ್ತದೆ. ಕಾಲಿಗೆ ಚುಚ್ಚಿದ ಮುಳ್ಳನ್ನು ತೆಗೆಯಲು ಹೋಗಿ ಕಾಲನ್ನೇ ಕತ್ತರಿಸಿದಂತಾಯಿತು ಇದು.

ನಮ್ಮ ಹಿಂದಿನವರಿಗೆ ಈ ಕಷ್ಟವಿರಲಿಲ್ಲ; ಇದಕ್ಕೆ ತದ್ವಿರುದ್ಧವಾದ ಕಷ್ಟವಿತ್ತು. ಬೆಂಗಳೂರು ಗಾಯನ ಸಮಾಜವು 1905ರಲ್ಲಿ ಸ್ಥಾಪಿತವಾದ ಕಾಲಕ್ಕೆ ನಮ್ಮ ವಿದ್ವಾಂಸರು ಮೈಕನ್ನು ಕಂಡವರಲ್ಲ. ಕಂಠವೇ ಧ್ವನಿವರ್ಧಕ, ಶಾರೀರವೇ ಬಂಡವಾಳ. ಪಿಟೀಲಿನ ನಾದ ಹಿಂದಿನ ಸಾಲಿನವರಿಗೆ ಮುಟ್ಟುತ್ತಿಲ್ಲವೆಂಬ ಕೊರತೆಯನ್ನು ನೀಗಲೆಂದೇ ಮೈಸೂರಿನ ಟಿ. ಚೌಡಯ್ಯನವರು 1920ರ ದಶಕದಲ್ಲಿ ನಾಲ್ಕು ತಂತಿಗಳ ಜೊತೆಗೆ ಇನ್ನು ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. 1967ರಲ್ಲಿ ಅವರು ಕಾಲವಾದರು. ಮಲ್ಲೇಶ್ವರದ ಮಗ್ಗುಲಲ್ಲಿ ಪಿಟೀಲಿನ ಆಕಾರದಲ್ಲಿಯೇ ಎದ್ದು, 1980ರಲ್ಲಿ ತೆರೆದ ಸ್ಮಾರಕ ಭವನ ಅವರ ಹೆಸರನ್ನು ಹೊತ್ತು ನಿಂತಿದೆ. ನಾದ ಸಾಲದೆಂಬ ಚಿಂತೆಯ ಕಾಲ ಅದು. ಮೈಕು ಬಂದ ಮೇಲೆ ಆ ಚಿಂತೆ ತೀರಿತು; ಹೊಸದೊಂದು ಹುಟ್ಟಿತು. ನಾದವನ್ನು ಹಿಗ್ಗಿಸುವ ಯಂತ್ರಕ್ಕೆ ಹೂವಾವುದು, ಮುಳ್ಳಾವುದು ಎಂಬ ವಿವೇಕವಿಲ್ಲ. ಅದು ಎರಡನ್ನೂ ಸಮನಾಗಿ ಬೆಳೆಸುತ್ತದೆ.

ಈ ಮುಳ್ಳು ಇರುವುದೆಲ್ಲಿ? ಮನುಷ್ಯನ ಕಿವಿಗೆ ಸೆಕೆಂಡಿಗೆ 20 ಕಂಪನಗಳಿಂದ ಹಿಡಿದು ಸುಮಾರು 20,000 ಕಂಪನಗಳವರೆಗಿನ ನಾದ ಕೇಳಿಸುವುದೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಕಿವಿ ಇವೆಲ್ಲವನ್ನೂ ಸಮಾನವಾಗಿ ಆದರಿಸುವುದಿಲ್ಲ. ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಪಕ್ಷಪಾತವನ್ನು ಅಳೆದು ತೋರಿಸಿದವು. 2,000ದಿಂದ 5,000 ಕಂಪನಗಳ ನಡುವಣ ನಾದಕ್ಕೆ ನಮ್ಮ ಕಿವಿ ಅತ್ಯಂತ ಸೂಕ್ಷ್ಮ. ಕಾರಣವೂ ಸರಳವಾಗಿದೆ. ಕಿವಿಯ ಹೊರದ್ವಾರದಿಂದ ತಮಟೆಯವರೆಗಿನ ನಾಳ ಸುಮಾರು ಎರಡೂವರೆ ಸೆಂಟಿಮೀಟರು ಉದ್ದ. ಕೊಳಲಿನ ಉದ್ದಕ್ಕೆ ತಕ್ಕ ಸ್ವರವಿರುವಂತೆ ಈ ಪುಟ್ಟ ನಾಳಕ್ಕೂ ತನ್ನದೇ ಆದ ಒಂದು ಸ್ವರವಿದೆ. ಅದು ಸುಮಾರು 3,000 ಕಂಪನಗಳ ಆಸುಪಾಸಿನದು. ಆ ಎಡೆಯ ನಾದವನ್ನು ಕಿವಿ ತಾನೇ ಹಿಗ್ಗಿಸಿ ಒಳಗೆ ಕಳಿಸುತ್ತದೆ. ಹಸುಗೂಸಿನ ಅಳುವಿನ ತೀಕ್ಷ್ಣತೆ, ತಟ್ಟೆಯ ಮೇಲೆ ಚಮಚ ಕೆರೆದ ಕರ್ಕಶ, ಇವು ಕಿವಿಯನ್ನು ಚುಚ್ಚುವುದು ಇಲ್ಲಿಯೇ.

ಇದಕ್ಕೂ ಒಂದು ಮೆಟ್ಟಲು ಮೇಲೆ ಇನ್ನೊಂದು ಮುಳ್ಳಿದೆ. ಅದು ನಮ್ಮ ಅಕ್ಷರಮಾಲೆಯಲ್ಲಿಯೇ ಕುಳಿತಿದೆ. ಶ, ಷ, ಸ ಎಂಬ ಅಕ್ಷರಗಳನ್ನು ವೈಯಾಕರಣರು ಊಷ್ಮಗಳೆಂದು ಕರೆದರು. ಊಷ್ಮವೆಂದರೆ ಬಿಸಿ, ಆವಿ. ನಾಲಗೆಗೂ ಹಲ್ಲಿಗೂ ನಡುವಣ ಕಿರುಸಂದಿಯಲ್ಲಿ ಉಸಿರು ಉಜ್ಜಿಕೊಂಡು ಬರುವುದರಿಂದ ಆ ಹೆಸರು ಸಾರ್ಥಕವೇ ಸರಿ. ಸಕಾರದ ಸೀತ್ಕಾರ ಸಾಮಾನ್ಯವಾಗಿ 5,000 ಕಂಪನಗಳಿಂದ ಆಚೆಗೆ ಬಲಗೊಳ್ಳುತ್ತದೆ. ಶಕಾರದ್ದು ಅದಕ್ಕಿಂತ ಕೊಂಚ ಕೆಳಗೆ. ತದ್ಭವಗಳಲ್ಲಿ ಶಕಾರ ಷಕಾರಗಳೆರಡೂ ಸಕಾರವಾಗುವುದನ್ನು 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ನಿರೂಪಿಸಿದ್ದಾನೆ. ಶಶಿ ಸಸಿಯಾದುದು, ಭಾಷೆ ಬಾಸೆಯಾದುದು ಹೀಗೆಯೇ. ಕನ್ನಡದ ನಾಲಗೆಗೆ ಸಕಾರವೊಂದು ಸಾಕಾಗಿತ್ತು. ಆ ಒಂದೇ ಅಕ್ಷರ ಮೈಕಿನ ಮುಂದೆ ಸೂಜಿಯಾಗುವುದೆಂದು ಆತ ಊಹಿಸುವಂತಿರಲಿಲ್ಲ.

ಹಾಗಾದರೆ ಆ ಎಡೆಯ ನಾದವನ್ನೆಲ್ಲ ತೆಗೆದುಹಾಕಿದರೆ ಮುಗಿಯಿತಲ್ಲವೇ? ಅಲ್ಲಿಯೇ ಇರುವುದು ತೊಡಕು. ಸ್ವರಗಳು ಮಾತಿಗೆ ದನಿಯನ್ನು ಕೊಡುತ್ತವೆ. ಅರ್ಥವನ್ನು ಬಿಡಿಸಿಕೊಡುವ ಕೆಲಸ ಹೆಚ್ಚಾಗಿ ವ್ಯಂಜನಗಳದು. ಆ ವ್ಯಂಜನಗಳ ಅಂಚು ಇರುವುದು ಈ ಮುಳ್ಳಿನ ಪೊದೆಯಲ್ಲಿಯೇ. ಹಳೆಯ ಟೆಲಿಫೋನು 3,400 ಕಂಪನಗಳಿಂದ ಆಚೆಗಿನದನ್ನು ಸಾಗಿಸುತ್ತಿರಲಿಲ್ಲ. ಆದುದರಿಂದಲೇ 'ಇನಿಷಿಯಲ್ ಎಸ್ಸೋ ಎಫ್ಫೋ?' ಎಂದು ಎರಡೆರಡು ಸಲ ಕೇಳಬೇಕಾಗುತ್ತಿತ್ತು. 1955ರಲ್ಲಿ ಆರಂಭವಾದ ಬೆಂಗಳೂರು ಆಕಾಶವಾಣಿಯನ್ನು ಮಧ್ಯಮ ತರಂಗದಲ್ಲಿ ಕೇಳಿ ಬೆಳೆದವರಿಗೆ ಸಕಾರ ಅಷ್ಟಾಗಿ ಚುಚ್ಚಿದ ನೆನಪಿರಲಾರದು. ಆ ತರಂಗದಲ್ಲಿ 5,000 ಕಂಪನಗಳಾಚೆಗಿನದು ಹೆಚ್ಚೇನೂ ಉಳಿಯುತ್ತಿರಲಿಲ್ಲ. ಇಂದಿನ ಉಪಕರಣಗಳು ಎಲ್ಲವನ್ನೂ ತರುತ್ತವೆ. ಮುಳ್ಳನ್ನೂ ಬಿಡದೆ ತರುತ್ತವೆ.

ಚಪ್ಪರದ ಕೂಗಿಗೆ ಮತ್ತೆ ಬರೋಣ. ಧ್ವನಿವರ್ಧಕದಿಂದ ಹೊರಟ ನಾದ ಪುನಃ ಮೈಕನ್ನು ಹೊಕ್ಕು, ಪುನಃ ಹಿಗ್ಗಿ, ಪುನಃ ಹೊರಬಿದ್ದು ಸುತ್ತುತ್ತ ಬೆಳೆಯುವುದರಿಂದ ಆ ಕೂಗು ಹುಟ್ಟುತ್ತದೆ. ಮೊದಲಿಗೆ ಅದು ಒಂದೇ ಒಂದು ಸ್ವರದಲ್ಲಿ ಹುಟ್ಟುತ್ತದೆಂಬುದು ಗಮನಾರ್ಹ. ನುರಿತವನು ಧ್ವನಿವರ್ಧಕವನ್ನು ಮೈಕಿಗಿಂತ ಮುಂದಕ್ಕೆ ಸರಿಸುತ್ತಾನೆ. ಮೈಕನ್ನು ಗಾಯಕಿಯ ಬಾಯಿಗೆ ನೇರವಾಗಿ ಹಿಡಿಯದೆ ತುಸು ಓರೆಯಾಗಿ ಇಡುತ್ತಾನೆ. ಸಕಾರದ ಉಸಿರು ಮೈಕಿನ ಮಗ್ಗುಲಿಂದ ಹಾದುಹೋಗುತ್ತದೆ. ಕಾಸು ಖರ್ಚಿಲ್ಲದ ಚಿಕಿತ್ಸೆಯಿದು. ಇಷ್ಟಕ್ಕೂ ಬಗ್ಗದಿದ್ದರೆ ಈಕ್ವಲೈಸರ್ ಎಂಬ ಪೆಟ್ಟಿಗೆಯಿದೆ. ಅದರಲ್ಲಿ ನಾದದ ಹರಹನ್ನು 31 ಪಾಲು ಮಾಡಿ ಒಂದೊಂದಕ್ಕೂ ಒಂದೊಂದು ಗುಂಡಿಯನ್ನು ಇಟ್ಟಿರುತ್ತಾರೆ. ಕೂಗುವ ಸ್ವರವಿರುವ ಗುಂಡಿಯೊಂದನ್ನೇ ಕೆಳಗಿಳಿಸಿ ಉಳಿದ 30ನ್ನು ಮುಟ್ಟದಿರುವವನೇ ಕುಶಲಿ.

ಇಲ್ಲಿ ಕಿವಿಯೂ ಒಂದು ಮೋಸವನ್ನು ಮಾಡುತ್ತದೆ. ಜೋರಾದ ನಾದದ ನಡುವೆ ಗಂಟೆಗಟ್ಟಲೆ ಕುಳಿತವನ ಕಿವಿ ದಣಿದು ಮೇಲಿನ ಸ್ವರಗಳ ಸೂಕ್ಷ್ಮವನ್ನು ತಾತ್ಕಾಲಿಕವಾಗಿ ಕಳೆದುಕೊಳ್ಳುತ್ತದೆ. ಕಳೆಗುಂದಿದುದು ಹಾಡೆಂದು ಭಾವಿಸಿ ಅವನು ಅದನ್ನೇ ಇನ್ನಷ್ಟು ಏರಿಸುತ್ತಾನೆ. ಹೊಸದಾಗಿ ಒಳಗೆ ಬಂದವರು ಬೆಚ್ಚಿಬೀಳುತ್ತಾರೆ. ವಯಸ್ಸಾದವರ ಪಾಡು ಇನ್ನೂ ವಿಚಿತ್ರ. ಮುಪ್ಪಿನಲ್ಲಿ ಮೊದಲು ಕುಂದುವುದು ಮೇಲಿನ ಕಂಪನಗಳೇ. 'ಕೇಳಿಸುತ್ತಿಲ್ಲ, ಜೋರು ಮಾಡಪ್ಪ' ಎಂದ ತಾತನವರು ಮರುಕ್ಷಣದಲ್ಲಿಯೇ 'ಯಾಕಪ್ಪ ಹೀಗೆ ಕಿರುಚಿಸುತ್ತೀಯೆ?' ಎಂದು ಸಿಡುಕುವುದುಂಟು. ಮನೆಯವರು ಇದನ್ನು ಮುಂಗೋಪವೆಂದು ತಿಳಿಯುತ್ತಾರೆ. ಅದು ಮುಂಗೋಪವಲ್ಲ. ಮಂದವಾದ ಕಿವಿಗೆ ಮೆಲ್ಲನೆಯ ನಾದ ಕೇಳಿಸದು, ಜೋರಾದ ನಾದ ಬಹುಬೇಗ ನೋಯಿಸುವುದು. ಅವರಿಗೆ ಬೇಕಾದುದು ಸ್ಪಷ್ಟತೆ, ಸಿಕ್ಕುವುದು ಗದ್ದಲ.

ಚಪ್ಪರದ ಹಾಡು ಆ ದಿನಕ್ಕೆ ಮುಗಿಯುತ್ತದೆ. ಮುದ್ರಿಸಿಟ್ಟ ಹಾಡು ಉಳಿಯುತ್ತದೆ. 1978ರಲ್ಲಿ 'ನಿತ್ಯೋತ್ಸವ' ಭಾವಗೀತೆಗಳ ಧ್ವನಿಸುರುಳಿ ಬಂದ ಮೇಲೆ ಕನ್ನಡಿಗರ ಮನೆಗಳಲ್ಲಿ ಸುರುಳಿಗಳು ಬೆಳೆದವು. ಕೊಂಡು ತಂದವುಗಳ ನಡುವೆ ಮನೆಯವರದೇ ಹಾಡುಗಳನ್ನು ಮುದ್ರಿಸಿಟ್ಟ ಸುರುಳಿಗಳೂ ಸೇರಿಕೊಂಡವು. ಗಾಂಧಿಬಜಾರಿನ ಹಿಂಬದಿಯ ಒಂದು ಮನೆ. ಅಜ್ಜಿ ದೀಪ ಹಚ್ಚಿ ಹಾಡುತ್ತಿದ್ದ ದೇವರನಾಮಗಳನ್ನು ಎಂಬತ್ತರ ದಶಕದಲ್ಲಿ ಯಾರೋ ಮುದ್ರಿಸಿಟ್ಟಿದ್ದರು. ಅಜ್ಜಿ ಈಗಿಲ್ಲ. ಸುರುಳಿ ಸಿಕ್ಕಿತು. ಎಂಜಿನಿಯರಾದ ಮೊಮ್ಮಗ ಅದನ್ನು ಗಣಕಯಂತ್ರಕ್ಕೆ ಇಳಿಸಿದ. ಮೈಕು ಬಾಯಿಗೆ ತೀರ ಹತ್ತಿರವಿದ್ದುದರಿಂದ ಒಂದೊಂದು ಸಕಾರವೂ ಕಿವಿಗೆ ಸೂಜಿ ಹಾಕುತ್ತಿತ್ತು. ಮೊಮ್ಮಗ 4,000 ಕಂಪನಗಳಿಂದ ಮೇಲಿನದೆಲ್ಲವನ್ನೂ ಒಂದೇ ಏಟಿಗೆ ಇಳಿಸಿಬಿಟ್ಟ. ಸೂಜಿ ಹೋಯಿತು. ತಾಯಿಯನ್ನು ಕರೆದು ಕೇಳಿಸಿದ.

ಆಕೆ ತುಸು ಹೊತ್ತು ಕೇಳಿ, 'ಅಮ್ಮ ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆಯಲ್ಲೋ' ಎಂದರು. ಮತ್ತೆ, 'ಬಳೆ ಎಲ್ಲಿ ಹೋಯಿತು?' ಎಂದು ಕೇಳಿದರು.

ಬಳೆಯೆಂದರೆ ತಾಳದ ಬಳೆ. ಅಜ್ಜಿ ತೊಡೆ ತಟ್ಟಿ ತಾಳ ಹಾಕುತ್ತಿದ್ದಾಗ ಗಾಜಿನ ಬಳೆಗಳು ಕಿಣಿಯೆನ್ನುತ್ತಿದ್ದುವು. ಆ ಕಿಣಿಕಿಣಿಯೂ ಸಕಾರವೂ ಕಂಪನಗಳ ಒಂದೇ ಬೀದಿಯಲ್ಲಿ ವಾಸವಾಗಿದ್ದುವು. ಮೊಮ್ಮಗ ಬೀದಿಯನ್ನೇ ಮುಚ್ಚಿದ್ದ.

ಈ ವಿದ್ಯೆಯನ್ನು ಬಲ್ಲವರು ಅನುಸರಿಸುವ ಕ್ರಮವೇ ಬೇರೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಮೊದಲು ಕಿರಿದಾದ ಒಂದು ಪಟ್ಟಿಯನ್ನು ತಗ್ಗಿಸುವುದಕ್ಕೆ ಬದಲಾಗಿ ಏರಿಸುತ್ತಾರೆ. ಏರಿಸಿದ ಪಟ್ಟಿಯನ್ನು ಮೆಲ್ಲಗೆ ಕೆಳಗಿನಿಂದ ಮೇಲಕ್ಕೆ ಸರಿಸುತ್ತ ಹೋಗುತ್ತಾರೆ. ಎಲ್ಲಿ ಕಿವಿ ಸಹಿಸಲಾರದೋ ಅಲ್ಲಿ ಮುಳ್ಳಿದೆಯೆಂದರ್ಥ. ಆಗ ಅದೇ ಪಟ್ಟಿಯನ್ನು ಎರಡು ಮೂರು ಡೆಸಿಬೆಲ್‌ಗಳಷ್ಟು ಮಾತ್ರ ಇಳಿಸುತ್ತಾರೆ. ಮೂರು ಡೆಸಿಬೆಲ್ ಇಳಿದರೆ ಆ ಎಡೆಯ ನಾದದ ಶಕ್ತಿ ಅರ್ಧವಾಗುತ್ತದೆ. ಬಹುಮಟ್ಟಿಗೆ ಅಷ್ಟು ಸಾಕು. ಸಕಾರಕ್ಕಾದರೋ ಡಿ-ಎಸ್ಸರ್ ಎಂಬ ಬೇರೊಂದು ಸಾಧನವಿದೆ. ಅದು ಸದಾ ಕತ್ತರಿಸುವುದಿಲ್ಲ; ಕಾದು ಕುಳಿತಿರುತ್ತದೆ. ಸೀತ್ಕಾರ ಗೊತ್ತುಮಾಡಿದ ಮಿತಿಯನ್ನು ಮೀರಿದ ಕ್ಷಣದಲ್ಲಿ ಮಾತ್ರ ಅದನ್ನು ತಗ್ಗಿಸಿ, ಅಕ್ಷರ ಮುಗಿದೊಡನೆ ಕೈಬಿಡುತ್ತದೆ.

ಬಹು ಕಂಠವಾದ್ಯಗಳ ಮುದ್ರಣವಾದರೆ ಈ ಕೆಲಸವನ್ನು ಗಾಯಕಿಯ ಧ್ವನಿ ಬೇರೆಯಾಗಿರುವಾಗಲೇ ಮಾಡಿ ಮುಗಿಸತಕ್ಕದ್ದು. ಪಿಟೀಲು ಮೃದಂಗಗಳೊಡನೆ ಬೆರೆತು, 'ಮಾಸ್ಟರಿಂಗ್' ಎಂಬ ಕೊನೆಯ ಘಟ್ಟಕ್ಕೆ ಬಂದ ಮೇಲೆ ಸಕಾರಕ್ಕೆ ಹಾಕಿದ ಕತ್ತರಿ ಪಿಟೀಲಿನ ಕಮಾನಿನ ಅಂಚಿಗೂ ತಗಲುತ್ತದೆ. ಪಾಯಸದಲ್ಲಿ ಬಿದ್ದ ಲವಂಗವನ್ನು ತೆಗೆಯಬಹುದು. ಅದರ ಖಾರವನ್ನು ತೆಗೆಯಲಾಗದು.

ಇದಾವುದೂ ತೀರ ಹೊಸ ತತ್ತ್ವವಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಇಡುವ ಹತ್ತಿಯ ಎಳೆಯನ್ನು ನೋಡಬೇಕು. ಎಳೆಯಿಲ್ಲದಿದ್ದರೆ ನಾದ ಬೋಳು. ಎಳೆ ತಪ್ಪಿದರೆ ತಂತಿ ಕರಕರನೆ ಹರಿಯುತ್ತದೆ. ಕೂದಲೆಳೆಯಷ್ಟು ಸರಿಸಿದರೆ ಅದೇ ಕರ್ಕಶ ಝೇಂಕಾರವಾಗುತ್ತದೆ. ವೈಣಿಕರೂ ಗಾಯಕರೂ ಆ ದಾರವನ್ನು ಜೀವಾಳವೆಂದು ಕರೆದರು. ಕರ್ಕಶಕ್ಕೂ ಕಳೆಗೂ ಮೂಲ ಒಂದೇ ಎಂಬುದನ್ನು ಬಲ್ಲವರಿಟ್ಟ ಹೆಸರು ಅದು.

ಗಾಂಧಿಬಜಾರಿನ ಮನೆಯ ಮೊಮ್ಮಗ ಒಂದು ಜಾಣತನವನ್ನು ಮೊದಲೇ ಮಾಡಿದ್ದ. ಸುರುಳಿಯಿಂದ ಇಳಿಸಿದ ಮೂಲಪ್ರತಿಯನ್ನು ಮುಟ್ಟದೆ ಹಾಗೆಯೇ ಇಟ್ಟಿದ್ದ. ಮನೆಯಲ್ಲಿ ಹಳೆಯ ಧ್ವನಿಸುರುಳಿಗಳಿರುವ ವಾಚಕರು ಇದೊಂದನ್ನು ಮರೆಯಬಾರದು. ಅವನು ಮತ್ತೆ ಮೂಲದಿಂದ ಆರಂಭಿಸಿದ. ಈ ಸಲ ಸಕಾರ ಬಂದ ಕಡೆಗಳಲ್ಲಿ ಮಾತ್ರ ತುಸು ತಗ್ಗಿಸಿದ. ಧ್ವನಿಯನ್ನು ಮೆಲ್ಲಗಿಟ್ಟು ಕೇಳಿದ. ಮರುದಿನ ಬೆಳಗ್ಗೆ ದಣಿಯದ ಕಿವಿಯಿಂದ ಇನ್ನೊಮ್ಮೆ ಕೇಳಿದ. ಅನಂತರ ತಾಯಿಯನ್ನು ಕರೆದ.

ಹಾಡು ಮುಗಿಯುವವರೆಗೆ ಆಕೆ ಮಾತನಾಡಲಿಲ್ಲ. 'ಸ' ಇನ್ನೂ ಒಂದೆರಡು ಕಡೆ ಚುಚ್ಚುತ್ತದೆ, ಅದನ್ನೂ ತೆಗೆಯಲೇ ಎಂದು ಮಗ ಕೇಳಿದ.

'ಬೇಡ, ಇರಲಿ ಬಿಡು. ಮುಂದಿನ ಹಲ್ಲೊಂದು ಬಿದ್ದ ಮೇಲೆ ಅಮ್ಮ ಹಾಗೆಯೇ ಹೇಳುತ್ತಿದ್ದಳು' ಎಂದರು ಆಕೆ. ಬಳೆ ಕಿಣಿಯೆಂದ ಎಡೆಯನ್ನು ಇನ್ನೊಮ್ಮೆ ಹಾಕೆಂದು ಹೇಳಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.