ಹಳತಾದ ಕೊಳಚೆ ಶುದ್ಧೀಕರಣ ಘಟಕಗಳು: ಬೆಲೆ ತೆರುವವರು ಯಾರು?

2018ರ ಜನವರಿ 19ರಂದು ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ನಂದಿಸಲು ಅಗ್ನಿಶಾಮಕ ದಳದವರೊಂದಿಗೆ ಸೈನಿಕರೂ ಬರಬೇಕಾಯಿತು. ಕೆರೆಗೆ ಬೆಂಕಿಯೇ ಎಂದು ಜನ ಅಚ್ಚರಿಪಟ್ಟರು. ಆದರೆ 2015ರಲ್ಲಿಯೂ 2017ರಲ್ಲಿಯೂ ಅದೇ ಕೆರೆ ಉರಿದಿತ್ತು. ನಗರದ ಶೌಚಾಲಯ, ಸ್ನಾನಗೃಹ, ಅಡುಗೆಮನೆಗಳ ಕೊಳಚೆಯು ಶುದ್ಧವಾಗದೆ, ಇಲ್ಲವೇ ಅರೆಬರೆ ಶುದ್ಧವಾಗಿ, ದಶಕಗಳ ಕಾಲ ಅಲ್ಲಿಗೆ ಹರಿದುಬಂದಿತ್ತು. ಅದನ್ನುಂಡು ಕಳೆ ಬೆಳೆಯಿತು, ತಳದ ಕೆಸರು ಕೊಳೆತು ಅನಿಲವಾಯಿತು, ಸಾಬೂನಿನ ನೊರೆ ರಸ್ತೆಗೆ ಉಕ್ಕಿತು.

ಬೆಂಗಳೂರಿನ ಮೊದಲ ದೊಡ್ಡ ಶುದ್ಧೀಕರಣ ಘಟಕಗಳು 1970ರ ದಶಕದವು. 1971ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 16 ಲಕ್ಷ. 2011ರಲ್ಲಿ ಅದು 84 ಲಕ್ಷ. ಘಟಕಕ್ಕೆ ವಯಸ್ಸಾಗುವುದೆಂದರೆ ಯಂತ್ರಗಳಿಗೆ ತುಕ್ಕು ಹಿಡಿಯುವುದು ಮಾತ್ರವಲ್ಲ. ಕೊಳಚೆಯನ್ನು ಶುದ್ಧಗೊಳಿಸುವುದು ಸೂಕ್ಷ್ಮಜೀವಿಗಳು. ಅವುಗಳಿಗೆ ಗಾಳಿ ಬೇಕು, ಸಮಯ ಬೇಕು. ಅಳತೆ ಮೀರಿ ನೀರು ನುಗ್ಗಿದರೆ ಅವುಗಳಿಗೆ ಸಮಯ ಸಿಗುವುದಿಲ್ಲ, ವಿದ್ಯುತ್ ನಿಂತರೆ ಗಾಳಿ ಸಿಗುವುದಿಲ್ಲ. ಹೆಚ್ಚಾದ ನೀರನ್ನು ಹಾಗೆಯೇ ರಾಜಕಾಲುವೆಗೆ ಬಿಡಲಾಗುತ್ತದೆ. ಹಳೆಯ ವಿನ್ಯಾಸದ ಘಟಕಗಳಂತೂ ಸಾರಜನಕ, ರಂಜಕಗಳನ್ನು ತೆಗೆಯಲೆಂದು ಕಟ್ಟಿದವುಗಳೇ ಅಲ್ಲ.

ಈ ನೀರು ಈಗ ಬೆಂಗಳೂರಿಗಷ್ಟೇ ಸಂಬಂಧಿಸಿದ್ದಲ್ಲ. 2018ರ ಜೂನ್‌ನಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೊಳವೆಗಳ ಮೂಲಕ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿತು. ಸಾವಿರ ಅಡಿ ಕೊರೆದರೂ ನೀರು ಕಾಣದ ನಾಡಿನಲ್ಲಿ ಬತ್ತಿದ ಕೆರೆಗಳು ತುಂಬಿದವು, ಕೊಳವೆಬಾವಿಗಳಿಗೆ ಜೀವ ಬಂತು. ಇದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡಿತು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕೆಂದು ಅಲ್ಲಿನ ರೈತರು ಕೇಳುತ್ತ ಬಂದಿದ್ದಾರೆ. ನಮ್ಮ ದೃಷ್ಟಿಯಲ್ಲಿ ಅದು ನ್ಯಾಯವಾದ ಬೇಡಿಕೆ. ನಗರವಾಸಿಗಳು ಬಳಸಿ ಬಿಟ್ಟ ನೀರನ್ನು ಪಡೆಯುವವನು ಬಡ ರೈತನೆಂಬ ಕಾರಣಕ್ಕೆ ಅದರ ಗುಣಮಟ್ಟ ಕೆಳಗಿರಬಹುದೇ?

ಕೊಳಚೆ ನೀರು ಮತ್ತೆ ಶುದ್ಧವಾಗುವುದೆಂದರೆ ನಮ್ಮಲ್ಲಿ ಹಲವರು ಮೂಗು ಮುರಿಯುವುದುಂಟು. ವಾಸ್ತವದಲ್ಲಿ 1978ರಷ್ಟು ಹಿಂದೆಯೇ ಸೌದಿ ಅರೇಬಿಯಾದ ಹಿರಿಯ ಉಲಮಾಗಳ ಮಂಡಳಿಯು ಈ ವಿಷಯವನ್ನು ತಜ್ಞರೊಂದಿಗೆ ಚರ್ಚಿಸಿ ತೀರ್ಪು ನೀಡಿದೆ. ಬಣ್ಣ, ರುಚಿ, ವಾಸನೆಗಳಲ್ಲಿ ಕಲ್ಮಶದ ಕುರುಹು ಉಳಿಯದಷ್ಟು ಸಂಪೂರ್ಣವಾಗಿ ಸಂಸ್ಕರಿಸಿದ ನೀರಿನಿಂದ ವುಝೂ ಕೂಡ ಮಾಡಬಹುದು. ಇಲ್ಲಿ ಮುಖ್ಯವಾದುದು ‘ಸಂಪೂರ್ಣವಾಗಿ’ ಎಂಬ ಷರತ್ತು. ನಮ್ಮ ಘಟಕಗಳಲ್ಲಿ ಎಷ್ಟು ಆ ಷರತ್ತನ್ನು ಪೂರೈಸುತ್ತವೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯಂತೆ ದೇಶದ ನಗರಗಳಲ್ಲಿ ದಿನವೊಂದಕ್ಕೆ ಹುಟ್ಟುವ ಕೊಳಚೆ 72,368 ದಶಲಕ್ಷ ಲೀಟರ್. ಸ್ಥಾಪಿತ ಘಟಕಗಳ ಸಾಮರ್ಥ್ಯ 31,841 ದಶಲಕ್ಷ ಲೀಟರ್. ನಿಜಕ್ಕೂ ಸಂಸ್ಕರಣೆಗೊಳ್ಳುತ್ತಿದ್ದುದು ಸುಮಾರು 20,236 ದಶಲಕ್ಷ ಲೀಟರ್ ಮಾತ್ರ. ಅಂದರೆ ಇರುವ ಘಟಕಗಳೇ ಪೂರ್ತಿಯಾಗಿ ಬಳಕೆಯಾಗುತ್ತಿರಲಿಲ್ಲ. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವುದಕ್ಕೆ ರಾಜಕಾರಣಿಗಳಲ್ಲಿ ಉತ್ಸಾಹವಿದೆ. ಅದರಲ್ಲಿ ಗುತ್ತಿಗೆಯೂ ಶಿಲಾನ್ಯಾಸವೂ ಇದೆ. ಬೀದಿಬೀದಿಯ ಒಳಚರಂಡಿಯನ್ನು ಘಟಕಕ್ಕೆ ಜೋಡಿಸುವ, ವಿದ್ಯುತ್ ಬಿಲ್ಲು ಕಟ್ಟುವ, ಕೆಟ್ಟ ಪಂಪನ್ನು ವಾರದೊಳಗೆ ದುರಸ್ತಿ ಮಾಡುವ ಕೆಲಸಕ್ಕೆ ಯಾವ ಶಿಲಾಫಲಕವೂ ಇಲ್ಲ.

ನಮ್ಮ ಮೊಹಲ್ಲಾಗಳ ಮಾತು ಬೇರೆಯೇ. ಅನೇಕ ಪಟ್ಟಣಗಳಲ್ಲಿ ಅವು ತಗ್ಗಿನಲ್ಲಿ, ರಾಜಕಾಲುವೆಯ ಬದಿಯಲ್ಲಿವೆ. ಮಳೆ ಬಂದರೆ ಊರಿನ ಕೊಳಚೆಯೆಲ್ಲ ಅಂಗಳಕ್ಕೆ ಬರುತ್ತದೆ. ಚುನಾವಣೆಯ ಸಮಯದಲ್ಲಿ ನಾವು ಶಾದಿಮಹಲ್, ಖಬರಸ್ಥಾನದ ಆವರಣ ಗೋಡೆ ಇತ್ಯಾದಿಗಳನ್ನು ಕೇಳುತ್ತೇವೆ. ಅವೂ ಬೇಕು, ನಿಜ. ಆದರೆ ಒಳಚರಂಡಿಯನ್ನು ಕೇಳಿದವರೆಷ್ಟು ಮಂದಿ? ಕಟ್ಟಿಕೊಂಡ ಚರಂಡಿಗೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆದರೂ ನಮ್ಮ ಕಣ್ಣೆದುರೇ ಜನರನ್ನು ಇಳಿಸುವಾಗ ನಾವು ಸುಮ್ಮನಿರುತ್ತೇವೆ.

ಬೆಂಗಳೂರಿನ ಹೊರಗೆ ಈ ಕಾಮಗಾರಿಗಳನ್ನು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕೈಗೊಳ್ಳುತ್ತದೆ, ಅನಂತರ ನಿರ್ವಹಣೆ ನಗರಸಭೆಯದಾಗುತ್ತದೆ. ನಮ್ಮ ಪಟ್ಟಣದ ಹಳೆಯ ಘಟಕವನ್ನು ಬದಲಾಯಿಸುವ ಪ್ರಸ್ತಾವ ಬಂದಾಗ ಜಮಾಅತ್ ಸಮಿತಿಗಳು, ಯುವಕ ಸಂಘಗಳು ನಗರಸಭಾ ಸದಸ್ಯರ ಮುಂದೆ ಕೂತು ಕೇಳಬೇಕಾದ ಪ್ರಶ್ನೆಗಳಿವೆ. ಹೊಸ ಘಟಕ ಸಿದ್ಧವಾಗುವವರೆಗೆ ಕೊಳಚೆ ಎಲ್ಲಿಗೆ ಹರಿಯುತ್ತದೆ? ಇನ್ನೂ ಜೋಡಣೆಯಾಗದ ಬೀದಿಗಳು ಯಾವುವು? ಹತ್ತು ವರ್ಷಗಳ ನಿರ್ವಹಣೆಗೆ ಹಣ ಎಲ್ಲಿದೆ? ಹೊರಬಿಡುವ ನೀರಿನ ಪರೀಕ್ಷಾ ವರದಿಯನ್ನು ಪ್ರತಿ ತಿಂಗಳು ಕನ್ನಡದಲ್ಲಿ ನಗರಸಭೆಯ ಫಲಕದಲ್ಲಿಯೂ, ಆ ನೀರು ಹರಿದುಹೋಗುವ ಕೆಳಗಿನ ಊರುಗಳ ಪಂಚಾಯತ್ ಕಚೇರಿಯಲ್ಲಿಯೂ ಅಂಟಿಸಲು ಅಧಿಕಾರಿಗಳು ಲಿಖಿತವಾಗಿ ಒಪ್ಪುತ್ತಾರೆಯೇ?