ಕರ್ತೃಪದವಿಲ್ಲದ ಗುಂಡಿಗಳು



ಕರ್ಮಣಿ ಪ್ರಯೋಗವು ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗದು ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದು ಸೊಂಪಾಗಿ ಬೆಳೆಯುವುದು ಸರ್ಕಾರಿ ಕಡತಗಳಲ್ಲಿ. ‘ರಸ್ತೆಯನ್ನು ಅಗೆಯಲಾಗಿದೆ’, ‘ದೂರನ್ನು ಪರಿಶೀಲಿಸಲಾಗಿದೆ’, ‘ಸಮಸ್ಯೆಯನ್ನು ಪರಿಹರಿಸಲಾಗಿದೆ’. ಮೂರರಲ್ಲೂ ಕರ್ಮವಿದೆ, ಕ್ರಿಯಾಪದವಿದೆ. ಕರ್ತೃಪದ ಮಾತ್ರ ಇಲ್ಲ. ನಮ್ಮ ಬೀದಿಗಳ ದುರವಸ್ಥೆಗೆ ಮಳೆಗಿಂತಲೂ ಈ ಕರ್ತೃಲೋಪವೇ ದೊಡ್ಡ ಕಾರಣವೆಂಬುದು ನನ್ನ ವಾದ.

ಇದು ಬರಿಯ ವ್ಯಾಕರಣದ ಮಾತಲ್ಲ. ಕೇಂದ್ರ ಸರ್ಕಾರವೇ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗುಂಡಿಗಳಿಂದ ಸತ್ತವರು 1,856 ಮಂದಿ. ಅವರಲ್ಲಿ ಎಷ್ಟು ಮಂದಿಯ ಮನೆಯವರಿಗೆ ಆ ಗುಂಡಿಯನ್ನು ತೋಡಿದವರ ಹೆಸರು ತಿಳಿದಿರಬಹುದು?

ಗುಂಡಿ ಎಂದೊಡನೆ ಮಳೆಯನ್ನು ದೂರುವುದು ವಾಡಿಕೆ. ಡಾಂಬರಿಗೆ ನೀರು ಶತ್ರುವೆಂಬುದು ನಿಜ. ಆದರೆ ಇಡಿಯಾಗಿರುವ ಮೇಲ್ಮೈಯೊಳಗೆ ನೀರು ಸುಲಭವಾಗಿ ಇಳಿಯದು. ಅದಕ್ಕೆ ಬಾಗಿಲು ತೆರೆದುಕೊಡುವವರು ಮನುಷ್ಯರು. ಕೊಳವೆಗೋ ಕೇಬಲ್ಲಿಗೋ ರಸ್ತೆಯನ್ನು ಸೀಳುತ್ತಾರೆ. ಅಗೆದ ಮಣ್ಣನ್ನೇ ಒಮ್ಮೆಗೇ ತುಂಬಿ, ಮೇಲೆ ಜೆಸಿಬಿಯ ಚಕ್ರ ಹಾಯಿಸಿ ಹೊರಟುಹೋಗುತ್ತಾರೆ. ಕ್ರಮವಾಗಿ ಮಾಡುವುದಾದರೆ ಒಂದು ಗೇಣಿಗಿಂತ ದಪ್ಪವಲ್ಲದ ಪದರಗಳಲ್ಲಿ ತುಂಬಬೇಕು, ಪ್ರತಿ ಪದರವನ್ನೂ ಹದವಾದ ತೇವದಲ್ಲಿ ದಮ್ಮಸು ಮಾಡಬೇಕು, ಜಲ್ಲಿಯ ಬುನಾದಿ ಹಾಕಿ ಆ ಮೇಲೆ ಡಾಂಬರು ಹರಡಬೇಕು. ಇದನ್ನು ಬಿಟ್ಟಾಗ ಮೊದಲ ಮಳೆಗೇ ಮಣ್ಣು ಕುಸಿಯುತ್ತದೆ, ಕುಸಿದಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಪಕ್ಕದ ಗಟ್ಟಿ ರಸ್ತೆಯನ್ನೂ ತಿನ್ನುತ್ತದೆ. ಹೀಗೆ ಒಂದು ಮೊಳದ ಅಗೆತ ಎರಡು ಮಾರಿನ ಗುಂಡಿಯಾಗುತ್ತದೆ.

ಬೆಂಗಳೂರಿನ ಒಂದೇ ಬೀದಿಯ ಅಡಿಯಲ್ಲಿ ಜಲಮಂಡಳಿಯ ಕೊಳವೆ, ಬೆಸ್ಕಾಂ ತಂತಿ, ಅಡುಗೆ ಅನಿಲದ ನಾಳ, ದೂರಸಂಪರ್ಕ ಸಂಸ್ಥೆಗಳ ಆಪ್ಟಿಕಲ್ ಫೈಬರ್ ಎಲ್ಲವೂ ಇವೆ. ರಸ್ತೆ ಮಾತ್ರ ನಗರಪಾಲಿಕೆಯದು. ಅಗೆಯಲು ಅದರ ಅನುಮತಿ ಬೇಕು. ಇಲಾಖೆಗಳು ಪರಸ್ಪರ ತಿಳಿದು ಅಗೆಯಲೆಂದು ಬಿಬಿಎಂಪಿಯ ಕಾಲದಲ್ಲೇ ‘ಮಾರ್ಕ್ಸ್’ ಎಂಬ ಆನ್‌ಲೈನ್ ವ್ಯವಸ್ಥೆ ಬಂದಿತು. 2023ರ ಮಾರ್ಚಿಯಲ್ಲಿ ಕೇಂದ್ರವು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿತು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ನಗರಪಾಲಿಕೆಗಳೂ ಬಂದವು. ಯಂತ್ರಾಂಗಕ್ಕೆ ಕೊರತೆಯಿಲ್ಲ, ಆದರೆ ಅನುಮತಿಪತ್ರವು ಕಡತದಲ್ಲಿ ಮಲಗಿರುತ್ತದೆ, ಗುಂಡಿಯು ಬೀದಿಯಲ್ಲಿ ಬಾಯಿ ತೆರೆದಿರುತ್ತದೆ. ಇವೆರಡನ್ನೂ ಬೆಸೆಯುವ ಕೊಂಡಿ ನಾಗರಿಕನ ಕಣ್ಣಿಗೆ ಕಾಣುವುದಿಲ್ಲ.

ನಮ್ಮ ಬೀದಿಗೆ ಹೊಸ ಡಾಂಬರು ಬಿದ್ದು ತಿಂಗಳು ತುಂಬಿರಲಿಲ್ಲ. ಯಾರೋ ಬಂದು ಉದ್ದಕ್ಕೂ ಸೀಳಿದರು. ‘ಯಾರಪ್ಪಾ ನೀವು?’ ಎಂದರೆ ಕೂಲಿಯವರು ಮೇಸ್ತ್ರಿಯನ್ನು ತೋರಿಸಿದರು, ಮೇಸ್ತ್ರಿ ಉಪಗುತ್ತಿಗೆದಾರನನ್ನು, ಆತ ದೂರವಾಣಿಯಲ್ಲಿ ‘ಮೇಲಿನವರನ್ನು ಕೇಳಿ ಸಾರ್’ ಎಂದ. ಭಾವಚಿತ್ರ ಸಹಿತ ದೂರು ಕೊಟ್ಟೆ. ಹತ್ತನೆಯ ದಿನ ‘ಪರಿಹರಿಸಲಾಗಿದೆ’ ಎಂಬ ಸಂದೇಶ ಬಂದಿತು. ಗುಂಡಿ ಹಾಗೆಯೇ ಇತ್ತು. ಉತ್ತರಪತ್ರಿಕೆಯನ್ನು ಬರೆದವನೇ ಅಂಕವನ್ನೂ ಹಾಕಿಕೊಳ್ಳುವ ಪರೀಕ್ಷೆ ಇದು. ದೂರು ಕೊಟ್ಟವನ ಒಪ್ಪಿಗೆಯಿಲ್ಲದೆ ದೂರನ್ನು ಮುಗಿಸುವ ಅಧಿಕಾರ ಯಾರಿಗೂ ಇರಕೂಡದು.

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಶಿಷ್ಯರು ಅಲ್ಲಿನ ಬೀದಿ ಕಾಮಗಾರಿಗಳನ್ನು ನೋಡಿರುತ್ತೀರಿ. 1991ರ ಕಾಯಿದೆಯಂತೆ ಅಲ್ಲಿ ಅಗೆದ ಸಂಸ್ಥೆಯೇ ಮುಚ್ಚಬೇಕು. ಮುಚ್ಚಿದ್ದಕ್ಕೆ ಎರಡು ವರ್ಷ, ಆಳವಾದ ಅಗೆತವಾದರೆ ಮೂರು ವರ್ಷ, ಅದೇ ಹೊಣೆ. ಕಾಮಗಾರಿಯ ಬಳಿ ಅದರ ಹೆಸರು, ದೂರವಾಣಿ ಸಂಖ್ಯೆಗಳ ಫಲಕವಿರಬೇಕು. ಅಲ್ಲಿಯೂ ಗುಂಡಿಗಳಿವೆ, ಆದರೆ ಅಗೆತಕ್ಕೆ ಕರ್ತೃವಿದ್ದಾನೆ. ನಮ್ಮಲ್ಲಿ ಹಲವೆಡೆ ಅಗೆಯುವವರು ಶುಲ್ಕ ಕಟ್ಟಿ ಕೈತೊಳೆದುಕೊಳ್ಳುತ್ತಾರೆ, ಮುಚ್ಚಬೇಕಾದವರು ಬೇರೆ. ಹೊಣೆ ಇಬ್ಬರ ನಡುವೆ ಗುಂಡಿಗೇ ಬೀಳುತ್ತದೆ.

ಕಾನೂನು ಪೂರ್ತಿ ಮೌನವಾಗಿಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 198ಎ ಕಲಮಿನಂತೆ, ರಸ್ತೆಯ ನಿರ್ಮಾಣ, ನಿರ್ವಹಣೆಗಳ ಸುರಕ್ಷತಾ ಮಾನದಂಡ ಮೀರಿದ್ದರಿಂದ ಸಾವೋ ಅಂಗವೈಕಲ್ಯವೋ ಉಂಟಾದರೆ ಪ್ರಾಧಿಕಾರಕ್ಕೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. 2025ರ ಅಕ್ಟೋಬರಿನಲ್ಲಿ ಬಾಂಬೆ ಉಚ್ಚ ನ್ಯಾಯಾಲಯವು ರಸ್ತೆಗುಂಡಿಯಿಂದ ಸತ್ತವರ ಕುಟುಂಬಕ್ಕೆ ಆರು ಲಕ್ಷ ರೂಪಾಯಿ ಕೊಡಬೇಕೆಂದೂ ಆ ಹಣವನ್ನು ಹೊಣೆಗಾರರಿಂದಲೇ ವಸೂಲು ಮಾಡಬೇಕೆಂದೂ ಆದೇಶಿಸಿತು. ಆದರೆ ಹೊಣೆಗಾರ ಯಾರೆಂದು ಮೊದಲು ತಿಳಿಯಬೇಕಷ್ಟೆ!

ಇನ್ನು ನಮ್ಮ ಕಡೆಗೆ ತಿರುಗುತ್ತೇನೆ, ಬೇಸರಿಸಬೇಡಿ. ಭಾನುವಾರ ಬೆಳಿಗ್ಗೆ ಪ್ಲಂಬರನನ್ನು ಕರೆಸಿ, ನಲ್ಲಿ ಸಂಪರ್ಕಕ್ಕೆಂದು ಅನುಮತಿಯಿಲ್ಲದೆ ರಸ್ತೆ ಕಡಿಸುವವರು ಯಾರು? ಮದುವೆಯ ಶಾಮಿಯಾನಕ್ಕೆ, ಗಣೇಶನ ಪೆಂಡಾಲಿಗೆ ಡಾಂಬರಿನೊಳಗೆ ಗೂಟ ಹೊಡೆಸುವವರು ಯಾರು? ಮನೆಯ ಮುಂದೆ ತಮಗೆ ತೋಚಿದಂತೆ ಹಂಪ್ ಹಾಕಿಸುವವರು ಯಾರು? ‘ಅನುಮತಿಗೆ ಅಲೆದು ಚಪ್ಪಲಿ ಸವೆಯುತ್ತದೆ, ಮೇಷ್ಟ್ರೇ’ ಎನ್ನುತ್ತೀರಿ. ಒಪ್ಪುತ್ತೇನೆ. ಅನುಮತಿಯನ್ನು ಸುಲಭಗೊಳಿಸಿ ಎಂದು ಜಗಳವಾಡುವುದು ನ್ಯಾಯ. ಅದನ್ನು ತಪ್ಪಿಸಿಕೊಳ್ಳುವುದು ನ್ಯಾಯವಲ್ಲ. ಕೊಳವೆ ಒಡೆದು ನೀರು ನುಗ್ಗುತ್ತಿರುವಾಗ ಅರ್ಜಿ ಹಿಡಿದು ಕೂರಿರೆಂದು ನಾನೂ ಹೇಳಲಾರೆ. ತುರ್ತಾದರೆ ಮೊದಲು ಅಗೆಯಲಿ, ಕೂಡಲೇ ತಿಳಿಸಲಿ. ಆದರೆ ವರ್ಷವಿಡೀ ತುರ್ತೇ ಇರುವುದುಂಟೇ?

ನನ್ನ ಬೇಡಿಕೆ ಸಣ್ಣದು. ಪ್ರತಿ ಅಗೆತದ ಬಳಿಯೂ ಕನ್ನಡದಲ್ಲಿ ಒಂದು ಫಲಕವಿರಲಿ: ಅಗೆಯುವವರು ಯಾರು, ಅನುಮತಿ ಸಂಖ್ಯೆ ಯಾವುದು, ಮುಚ್ಚುವ ದಿನಾಂಕ ಯಾವುದು, ಮುಚ್ಚಿದ್ದಕ್ಕೆ ಎಷ್ಟು ಕಾಲ ಹೊಣೆ. ಫಲಕವಿಲ್ಲದ ಅಗೆತವನ್ನು ಅಕ್ರಮವೆಂದು ಭಾವಿಸಲಿ.

ಅಲ್ಲಿಯವರೆಗೆ ನೀವು ದೂರು ಬರೆಯುವಾಗ ‘ರಸ್ತೆ ಹಾಳಾಗಿದೆ’ ಎಂದಷ್ಟೇ ಬರೆಯಬೇಡಿ. ಯಾವ ಅಡ್ಡರಸ್ತೆ, ಯಾವ ಮನೆಯ ಎದುರು, ಎಷ್ಟು ಉದ್ದಗಲ, ಯಾವ ದಿನದಿಂದ ಎಂದು ಬರೆಯಿರಿ. ಅಳತೆಪಟ್ಟಿಯಿಟ್ಟು ಭಾವಚಿತ್ರ ತೆಗೆಯಿರಿ. ಕೊನೆಗೆ, ಇದನ್ನು ಅಗೆಯಲು ಯಾರು ಯಾರಿಗೆ ಅನುಮತಿ ಕೊಟ್ಟರು ಎಂದು ಕೇಳಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು.

ನನ್ನ ಶಿಷ್ಯರಲ್ಲಿ ಎಂಜಿನಿಯರರೂ ಗುತ್ತಿಗೆದಾರರೂ ಪಾಲಿಕೆಯ ನೌಕರರೂ ಇದ್ದೀರಿ. ನೀವು ರುಜು ಹಾಕುವ ಕಾಗದದಲ್ಲಿ ‘ಮುಚ್ಚಲಾಗಿದೆ’ ಎಂದಿದ್ದರೆ ಅದನ್ನು ಹೊಡೆದುಹಾಕಿ ‘ನಾನು ನಿಂತು ಮುಚ್ಚಿಸಿದೆ’ ಎಂದು ಬರೆಯಿರಿ. ಹಾಗೆ ಬರೆಯಲು ಕೈ ನಡುಗಿದರೆ, ಆ ಗುಂಡಿ ಇನ್ನೂ ಮುಚ್ಚಿಲ್ಲವೆಂದೇ ಅರ್ಥ.